ಮನೆಗಳ ಆದಾಯ ಹೋಲಿಕೆ: ಜಿನಿ, ಕೆಎಸ್ ಟೆಸ್ಟ್, ಪರ್ಸೆಂಟೈಲ್. ನನ್ನ ಓಟು ಮೂರನೆಯದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಪರ್ಸೆಂಟೈಲ್. ಅಂದರೆ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಕೆಳಗಿನ ಇಷ್ಟು ಶೇಕಡಾ ಮನೆಗಳು ಎಷ್ಟು ಆದಾಯದೊಳಗೆ ಬರುತ್ತವೆ ಅಂತ ನೋಡುವುದು; 50ನೇದು ನಟ್ಟನಡುವಿನ ಮನೆ. ಕೂಲಿ ಮನೆ, ಸಂಬಳದ ಮನೆ, ಬೇಸಾಯದ ಮನೆ, ಇವುಗಳ ಆದಾಯ 2004-05ರಿಂದ 2011-12ಕ್ಕೆ ಹೇಗೆ ಬದಲಾಯಿತು ಅಂತ ನೋಡಬೇಕಿತ್ತು. ಸರ್ಕಾರದ ಮನೆಖರ್ಚಿನ ಸಮೀಕ್ಷೆ ಕೇಳುವುದು ಖರ್ಚನ್ನು, ಆದಾಯವನ್ನಲ್ಲ. ಹಾಗಾಗಿ ಆದಾಯವನ್ನೂ ಕೇಳುವ ಐಎಚ್‌ಡಿಎಸ್ (ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೇ) ಡೇಟಾ ತಗೊಂಡೆ, ಈ ಎರಡು ವರ್ಷಗಳ ಎರಡೂ ಸುತ್ತಿನಲ್ಲಿ 40 ಸಾವಿರಕ್ಕಿಂತ ಜಾಸ್ತಿ ಮನೆಗಳಿವೆ. ಹಳೆಯ ರೂಪಾಯಿಯನ್ನು 2011-12ರ ಬೆಲೆಗೆ ತರುವುದು ಹೇಗಿದ್ದರೂ ಮಾಡಲೇಬೇಕು.

ಜಿನಿ ಸುಲಭ, ಆದಾಯ ಎಷ್ಟು ಅಸಮವಾಗಿ ಹಂಚಿದೆ ಅಂತ ಹೇಳುವ ಒಂದೇ ನಂಬರ್. ಆದರೆ ಒಂದು ಗುಂಪಿನಲ್ಲಿ ಎಲ್ಲರ ಆದಾಯವೂ ಎರಡು ಪಟ್ಟಾದರೆ ಜಿನಿ ಕದಲುವುದೇ ಇಲ್ಲ! ಬೇಸಾಯದ ಮನೆಗಳಲ್ಲಿ ನಷ್ಟದ ವರ್ಷ ಆದಾಯ ಮೈನಸ್‌ಗೆ ಹೋಗುತ್ತದೆ, ಆಗ ಇದರ ಲೆಕ್ಕವೇ ಹಳ್ಳ ಹಿಡಿಯುತ್ತದೆ.

ಇನ್ನು ಕೆಎಸ್, ಅಂದರೆ ಕೊಲ್ಮೊಗೊರೊವ್-ಸ್ಮಿರ್ನೊವ್ ಟೆಸ್ಟ್, ಎರಡು ಗುಂಪಿನ ಆದಾಯದ ಹಂಚಿಕೆ ಒಂದೇ ತರಹ ಇದೆಯಾ ಅಂತ ಪರೀಕ್ಷಿಸುವಂಥದ್ದು. ನಾಗರಬಾವಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಗೆಳತಿ "ಎರಡು ಹಂಚಿಕೆ ಬೇರೆನಾ ಅಂತ ನೋಡೋಕೆ ಇದೇ ಸಾಕು ಕಣೋ" ಅಂದಿದ್ದಳು. ಹಾಕಿದ ಕಡೆಯಲ್ಲೆಲ್ಲ ಪಿ ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಸೊನ್ನೆಯ ಹತ್ತಿರ ಬಂತು, ಅಂದರೆ ಹಂಚಿಕೆ ಬೇರೆ ಅಂತ. ಇಷ್ಟು ದೊಡ್ಡ ಸ್ಯಾಂಪಲ್ ಇದ್ದರೆ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಹಾಗೇ ಬರುತ್ತದೆ, ಮತ್ತು ವ್ಯತ್ಯಾಸ ಬಡವರ ಕಡೆಯೋ ಶ್ರೀಮಂತರ ಕಡೆಯೋ ಅಂತ ಅದು ಬಾಯಿ ಬಿಡುವುದಿಲ್ಲ.

ನಿಜವಾದ ಕಿರಿಕಿರಿ ಬೇರೆ. ಈ ಟೆಸ್ಟಿಗೆ ಎರಡು ಸ್ಯಾಂಪಲ್‌ಗೂ ಒಂದಕ್ಕೊಂದು ಸಂಬಂಧ ಇರಬಾರದು, ಒಂದೊಂದು ಮನೆಯೂ ಬಿಡಿಬಿಡಿಯಾಗಿ ಆರಿಸಿದ್ದಾಗಿರಬೇಕು. ಐಎಚ್‌ಡಿಎಸ್‌ನಲ್ಲಿ ಎರಡೂ ಇಲ್ಲ. ಮೊದಲ ಸುತ್ತಿನ ಮನೆಗಳಲ್ಲಿ ಸುಮಾರು 83% ಮನೆಗಳಿಗೇ ಎರಡನೇ ಸುತ್ತಿನಲ್ಲೂ ಹೋಗಿದ್ದಾರೆ. ಮನೆಗಳನ್ನು ಆರಿಸಿದ್ದೂ ಹಳ್ಳಿ, ಬಡಾವಣೆ ಲೆಕ್ಕದಲ್ಲಿ ಗುಂಪುಗುಂಪಾಗಿ, ಒಂದೇ ಹಳ್ಳಿಯ ಮನೆಗಳ ಕೂಲಿ ಹೆಚ್ಚು ಕಡಿಮೆ ಒಂದೇ ಇರುತ್ತದೆ ಅಲ್ವಾ? ಮೇಲಾಗಿ ಪ್ರತಿ ಮನೆಗೂ ಒಂದು ವೇಯ್ಟ್ ಇದೆ (ಅದು ದೇಶದ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನುವ ಲೆಕ್ಕ), ನಾನು ಬಳಸುವ ಆರ್ ಸಾಫ್ಟ್‌ವೇರ್‌ನ ಮಾಮೂಲಿ ಕೆಎಸ್ ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಸಾಲದ್ದಕ್ಕೆ ಆದಾಯ ಕೇಳಿದರೆ ಜನ ಹೇಳುವುದು ರೌಂಡ್ ಫಿಗರ್, ಒಂದೇ ಸಂಖ್ಯೆ ನೂರಾರು ಸಲ ಬರುತ್ತದೆ, ಟೆಸ್ಟ್ ವಾರ್ನಿಂಗ್ ಕೊಡುತ್ತದೆ. ಆ ಪಿ ವ್ಯಾಲ್ಯೂವನ್ನು ರಿಪೋರ್ಟಿನಲ್ಲಿ ಹಾಕಲು ನನಗೆ ಧೈರ್ಯ ಬರಲಿಲ್ಲ.

ಪರ್ಸೆಂಟೈಲ್‌ಗೆ ಬಂದರೆ, ವೇಯ್ಟ್ ಹಾಕಿ 10, 50, 90 ತೆಗೆದೆ. ಮೈನಸ್ ಆದಾಯ ಇದ್ದರೂ ತೊಂದರೆ ಇಲ್ಲ. ನಂಬಿಕೆಯ ಅಂತರಕ್ಕೆ (ಉತ್ತರ ಎಷ್ಟು ಹಿಂದೆಮುಂದೆ ಇರಬಹುದು ಅನ್ನುವುದಕ್ಕೆ) ಬೂಟ್‌ಸ್ಟ್ರಾಪ್, ಅಂದರೆ ಇರುವ ಡೇಟಾದಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿ ಲೆಕ್ಕ ಹಾಕುವುದು, ಮಾಡುವಾಗ ಮನೆಯನ್ನಲ್ಲ, ಇಡೀ ಹಳ್ಳಿಯನ್ನೇ, ಅದರ ಎರಡೂ ಸುತ್ತನ್ನು ಒಟ್ಟಿಗೆ ಎತ್ತಿಕೊಳ್ಳಬೇಕು, ಆಗ ಮೇಲಿನ ಸಂಬಂಧಗಳೆಲ್ಲ ಲೆಕ್ಕದೊಳಗೇ ಉಳಿಯುತ್ತವೆ. ರಾತ್ರಿ ಓಡಿಸಿಟ್ಟು ಮಲಗುತ್ತೇನೆ, ಬೆಸ್ಕಾಂ ಕೃಪೆ ಇದ್ದರೆ ಬೆಳಿಗ್ಗೆ ಉತ್ತರ ಇರುತ್ತದೆ.

ಒಂದು ಎಚ್ಚರ. ಕೂಲಿ ಗುಂಪಿನ 10ನೇ ಪರ್ಸೆಂಟೈಲ್ ಮೇಲೆ ಹೋದರೆ ಅದೇ ಬಡ ಮನೆಗಳು ಮೇಲೆ ಹೋದವು ಅಂತಲ್ಲ. ಮಗನಿಗೆ ಕೆಲಸ ಸಿಕ್ಕಿ ಮನೆಯೇ ಸಂಬಳದ ಗುಂಪಿಗೆ ದಾಟಿರಬಹುದು. ಅದಕ್ಕೆ ನಾನು ಗುಂಪನ್ನು 2004-05ರಲ್ಲಿ ಇದ್ದ ಹಾಗೇ ಇಟ್ಟು ಇನ್ನೊಂದು ಸಲ ಲೆಕ್ಕ ಹಾಕುತ್ತೇನೆ.

ದುಡ್ಡಿನ ಮಾತು: ಒಂದು ವರ್ಷ ಲೈಸೆನ್ಸ್ ಕಟ್ಟಿ ಬೇರೆ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೆ. ಈಗ ಆರ್, ಅದರಲ್ಲಿ ಥಾಮಸ್ ಲಮ್ಲಿ ಬರೆದ ಸರ್ವೇ ಪ್ಯಾಕೇಜ್. ಪುಕ್ಕಟೆ. ಮೆನು ಒತ್ತಿ ಅಭ್ಯಾಸ ಇರುವವರಿಗೆ ಶುರುವಿನಲ್ಲಿ ಕಷ್ಟ, ನನಗೆ ಕೋಡ್ ಬರೆಯುವುದೇ ಇಷ್ಟ. ಬೆಂಗಳೂರು ಒಂದನ್ನೇ ಗುಂಪುಗಳಾಗಿ ಒಡೆದು ನೋಡಲು ಮಾತ್ರ ಹೋಗಬೇಡಿ, 90ನೇ ಪರ್ಸೆಂಟೈಲ್ ನಂಬುವಷ್ಟು ಮನೆಗಳು ಉಳಿಯುವುದಿಲ್ಲ.