ಪೋಸ್ಟ್‌ಫಿಕ್ಸ್: ಫಿಲ್ಟರ್ ಕೈಕೊಟ್ಟಾಗ ಮೇಲ್ ಏನಾಗುತ್ತದೆ?

ಇಮೇಲ್ ಕಳಿಸುವ, ಪಡೆಯುವ ಸರ್ವರ್ ಸಾಫ್ಟ್‌ವೇರ್ ಆದ ಪೋಸ್ಟ್‌ಫಿಕ್ಸ್ ಅನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದರ ವೇಗ, ಭದ್ರತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಬೇರೆಯದು. ವೈರಸ್ ಫಿಲ್ಟರ್ ಸಿಕ್ಕಿಹಾಕಿಕೊಂಡು ಉತ್ತರ ಕೊಡದಿದ್ದರೂ ಇದು ಮೇಲನ್ನು ಕಳೆಯುವುದಿಲ್ಲ.

ಮಿಲ್ಟರ್ (ಮೇಲ್ ಸರ್ವರ್‌ಗೆ ಹೊರಗಿನ ಫಿಲ್ಟರ್ ಜೋಡಿಸುವ ವ್ಯವಸ್ಥೆ) ಮೂಲಕ ಜೋಡಿಸಿದ ಫಿಲ್ಟರ್‌ಗೆ ಪೋಸ್ಟ್‌ಫಿಕ್ಸ್ ಡಿಫಾಲ್ಟ್ ಆಗಿ ಕನೆಕ್ಟ್ ಆಗಲು 30 ಸೆಕೆಂಡ್, ಒಂದೊಂದು ಕಮಾಂಡ್‌ಗೆ 30, ಮೇಲ್‌ನ ಒಳಭಾಗ ನೋಡಲು 300 ಸೆಕೆಂಡ್ ಕೊಡುತ್ತದೆ. ಅದು ಮೀರಿದರೆ ಕಳಿಸುವ ಸರ್ವರ್‌ಗೆ 451 ಅನ್ನುವ ಎರರ್ ಕೋಡ್ ಹೋಗುತ್ತದೆ: ಈಗ ಆಗುವುದಿಲ್ಲ, ಆಮೇಲೆ ಬಾ. ಆ ಕಡೆಯ ಸರ್ವರ್ ಮೇಲನ್ನು ಕ್ಯೂನಲ್ಲಿಟ್ಟು ಮತ್ತೆ ಕಳಿಸುತ್ತದೆ. ಈ ಡಿಫಾಲ್ಟ್ ಕ್ರಮವನ್ನು 'ಅಕ್ಸೆಪ್ಟ್' (ಫಿಲ್ಟರ್ ಇಲ್ಲದೆಯೇ ಮೇಲ್ ಒಪ್ಪಿಕೊಳ್ಳುವುದು) ಮಾಡಿಬಿಡಿ ಅಂತ ಹೇಳುವವರಿದ್ದಾರೆ. ವೈರಸ್ ಫಿಲ್ಟರ್‌ಗೆ ಹಾಗೆ ಮಾಡಲೇಬೇಡಿ. ಫಿಲ್ಟರ್ ಬಿದ್ದಷ್ಟು ಹೊತ್ತೂ ಪರೀಕ್ಷೆಯಾಗದ ಮೇಲ್ ಸೀದಾ ಇನ್‌ಬಾಕ್ಸ್‌ಗೆ ಹೋಗುತ್ತದೆ, ಅಲ್ವಾ? 3.0 ಆವೃತ್ತಿಯಿಂದ ಒಂದೊಂದು ಫಿಲ್ಟರ್‌ಗೂ ಬೇರೆ ಬೇರೆ ಟೈಮ್‌ಔಟ್, ಬೇರೆ ಕ್ರಮ ಕೊಡಬಹುದು. ಬರೀ ಲೆಕ್ಕ ಇಡುವ ಫಿಲ್ಟರ್‌ಗೆ ಮಾತ್ರ ನಾನು 10 ಸೆಕೆಂಡ್, ಅಕ್ಸೆಪ್ಟ್ ಕೊಟ್ಟಿದ್ದೇನೆ.

ಆ 300 ಸೆಕೆಂಡ್ ಬಗ್ಗೆ ಎಚ್ಚರ ಬೇಕು. ಮೇಲ್ ಪೂರ್ತಿ ಕಳಿಸಿದ ಮೇಲೆ ಉತ್ತರಕ್ಕೆ 10 ನಿಮಿಷ ಕಾಯಬೇಕು ಅನ್ನುತ್ತದೆ ಇಮೇಲ್ ಸಾಗಣೆಯ ನಿಯಮಗಳಿರುವ ಆರ್‌ಎಫ್‌ಸಿ 5321 ದಾಖಲೆ. ಎಲ್ಲರೂ ಅಷ್ಟು ಕಾಯುವುದಿಲ್ಲ. ಎರಡು ಫಿಲ್ಟರ್ ಒಂದರ ಹಿಂದೊಂದು ನಿಧಾನವಾದರೆ, ಕಳಿಸುವವರು ಬೇಸತ್ತು ಲೈನ್ ಕಡಿದ ಮೇಲೆ ನಾವು ಮೇಲ್ ಒಪ್ಪಿಕೊಂಡಿರುತ್ತೇವೆ. ಅವರು ಮತ್ತೆ ಕಳಿಸುತ್ತಾರೆ. ಒಂದೇ ಮೇಲ್ ಎರಡು ಮೂರು ಸಲ ಬಂತು ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಹಾಗಾಗಿ ನಾನು ಇದನ್ನು 120ಕ್ಕೆ ಇಳಿಸಿದೆ.

ಎರರ್ ಮೆಸೇಜ್‌ಗಳ ಬಗ್ಗೆ ಒಂದು ಮಾತು. ಹೊರಗಿನವರಿಗೆ ಕಾಣುವುದು 'ಸರ್ವಿಸ್ ಅನ್‌ಅವೈಲಬಲ್' ಅಷ್ಟೇ. ಅದು ಸರಿಯೇ, ಒಳಗೆ ಯಾವ ಫಿಲ್ಟರ್ ಇದೆ ಅಂತ ಅವರಿಗೆ ಯಾಕೆ ಗೊತ್ತಾಗಬೇಕು? ಲಾಗ್‌ನಲ್ಲಿ ಮಾತ್ರ ಯಾವ ಮಿಲ್ಟರ್, ಯಾವ ಹಂತ ಅಂತ ಸ್ಪಷ್ಟವಾಗಿ ಇರುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಫಿಲ್ಟರ್ ಓಡುತ್ತಲೇ ಇಲ್ಲ. 'ಟೈಮ್ಡ್ ಔಟ್' ಅಂದರೆ ಬಹುಮಟ್ಟಿಗೆ ಓಡುತ್ತಿದೆ, ಆದರೆ ಎಲ್ಲೋ ಸಿಕ್ಕಿಕೊಂಡಿದೆ. ಹಂತದ ಹೆಸರುಗಳು ಮಾತ್ರ ಹೊಸಬರಿಗೆ ಒಗಟು. ಹೆಸರಿನ ಕೊನೆಯಲ್ಲಿ 'ಬಾಡಿ ಇಒಬಿ' (ಮೇಲ್‌ನ ಒಳಭಾಗ ಮುಗಿಯಿತು) ಅಂತ ಕಂಡರೆ, ಪೂರ್ತಿ ಮೇಲ್ ಫಿಲ್ಟರ್‌ಗೆ ತಲುಪಿದೆ, ಅದರ ತೀರ್ಪು ಬಂದಿಲ್ಲ ಅಂತ ತಿಳಿದುಕೊಳ್ಳಿ.

ಹೊಸದಾಗಿ ಹಾಕುವವರು ಬಳಕೆಗೆ ಬಿಡುವ ಮೊದಲೇ ಫಿಲ್ಟರನ್ನು ಬೇಕಂತಲೇ ನಿಲ್ಲಿಸಿ, ಒಂದು ಮೇಲ್ ಕಳಿಸಿ, ಲಾಗ್ ಓದಿ ನೋಡಿ.