ಫೋಟೋ ನೋಡಿ "1942 ಮಾಡೆಲ್" ಅಂತ ಬರಕೊಡೋರಿಗೆ ರೊಕ್ಕ ಹಾಕಬ್ಯಾಡ್ರಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಹಳೇ ಜೀಪ್ ಹುಡುಕಾಕತ್ತೋರು ಯಾರರ ಇದ್ರ ದಯವಿಟ್ಟು ಇದನ್ನ ಪೂರ್ತಿ ಓದ್ರಿ. ಹಸಿರು ಬಣ್ಣದ ಓಪನ್ ಜೀಪ್, ಬಾನೆಟ್ ಮ್ಯಾಲೆ ಬಿಳೇ ಚುಕ್ಕಿ (ನಕ್ಷತ್ರ), "ಎರಡನೇ ಮಹಾಯುದ್ಧದ ಒರಿಜಿನಲ್ ವಿಲ್ಲೀಸ್, 1942 ಮಾಡೆಲ್, ಸಿಂಗಲ್ ಓನರ್" ಅಂತ ಒಂದು ಫೋಟೋ ವಾಟ್ಸಾಪಿನಾಗ ತಿರಗಾಕತ್ತೈತಿ. ಎಂಬತ್ತು ವರ್ಷದ ಗಾಡಿ ಸಿಂಗಲ್ ಓನರ್ ಅಂತ! ಇರಲಿ. ಹೆಸರು ಹಾಕಂಗಿಲ್ಲ, ವಕೀಲ್ರು ಬ್ಯಾಡ ಅಂದಾರ, ಆದ್ರ ಆಗಿದ್ದನ್ನ ಆದಂಗ ಹೇಳ್ತೀನಿ, ಸಿಟ್ಟಿನಾಗ ಬರ್ಯಾಕತ್ತೀನಿ, ಹಿಂದ ಮುಂದ ಆದ್ರ ಹೊಟ್ಟ್ಯಾಗ ಹಾಕ್ಕೋರಿ.

ಈ ವ್ಯಾಪಾರ ಹೆಂಗ ನಡೀತೈತಿ ಅಂತ ನಿಮಗೆಲ್ಲ ಗೊತ್ತ ಐತಿ. ನಡುವ ಒಬ್ಬ ಏಜೆಂಟ್, ಅಂವ ಫೋಟೋ ಕಳಸ್ತಾನ, ರೇಟ್ ಹೇಳ್ತಾನ, "ಬೆಂಗಳೂರು ಪಾರ್ಟಿ ನಾಳೆ ಬರ್ತಾರ ಸಾವಕಾರ್ರ, ನಿಮಗ ಬೇಕಂದ್ರ ಟೋಕನ್ ಹಾಕ್ರಿ, ನಮ್ಮ ಹುಬ್ಬಳ್ಳಿ ಮಂದೀಗೆ ಸಿಗಲಿ ಅಂತ ಹೇಳಾಕತ್ತೀನಿ" ಅಂತಾನ. ಅದೇನ ಹೊಸಾದಲ್ಲ. ಇವರು ಮಾಡಿದ ಹೊಸಾದು ಏನಂದ್ರ, ನಾ ಮಾಡೆಲ್ ವರ್ಷದ ಬಗ್ಗೆ ಸಂಶೆ ತಗದ ಕೂಡಲೇ ಏಜೆಂಟ್ ತಾನ ಮುಂದ ಆಗಿ, "ನನ್ನ ಮಾತ ನಂಬಬ್ಯಾಡ್ರಿ, ಬ್ಯಾರೆ ಎಕ್ಸ್‌ಪರ್ಟ್ ಒಬ್ರು ಅದಾರ, ಫೋಟೋ ನೋಡಿ ವರ್ಷ ಹೇಳ್ತಾರ, ನನಗೂ ಅವರಿಗೂ ಸಂಬಂಧ ಇಲ್ಲ, ನೀವ ಮಾತಾಡ್ರಿ" ಅಂದ. ಎಷ್ಟ ಪ್ರಾಮಾಣಿಕ ಮನಶ್ಯಾ ನೋಡ್ರಿ ಅಂತ ಅನಸ್ತದ ಅಲ್ಲ? ಅನಸಬೇಕಂತನ ಹಂಗ ಹೇಳೂದು.

ಎಕ್ಸ್‌ಪರ್ಟ್‌ಗೆ ಫೀ 2,500 ರೂಪಾಯಿ. ಮೊದಲ ಹಾಕಬೇಕು. ಹಾಕಿದೆ, ಅದ ಫೋಟೋ ಕಳಿಸಿದೆ. ಸಂಜೀಕ ಪಿಡಿಎಫ್ ಬಂತು, ಮ್ಯಾಲೆ ಬಂಗಾರ ಬಣ್ಣದ ಬಾರ್ಡರ್, ಕೆಳಗ ರಬ್ಬರ್ ಸ್ಟ್ಯಾಂಪ್. ಅದರಾಗ ಬರದಿದ್ದೇನು? "ಸ್ಟೀರಿಂಗ್ ಎಡಗಡೆ ಇದೆ, ಗ್ರಿಲ್‌ನಲ್ಲಿ ಒಂಬತ್ತು ಸೀಳು ಇವೆ, ಲೋ ಬಾನೆಟ್ ಇದೆ, ಆದ್ದರಿಂದ ಇದು 1942ರ ವಿಲ್ಲೀಸ್ ಎಂಬಿ, ಶೇಕಡಾ 95 ಖಾತ್ರಿ." ಈಗ ಹೇಳ್ತೀನಿ ಕೇಳ್ರಿ, ಆ ಮೂರೂ ಮಾತು ಪುಸ್ತಕದ ಪ್ರಕಾರ ಖರೇನ. ಯುದ್ಧದ ಜೀಪು ವಿಲ್ಲೀಸ್ ಎಂಬಿ ಇರಲಿ ಫೋರ್ಡ್ ಜಿಪಿಡಬ್ಲ್ಯೂ ಇರಲಿ, 1941ರಿಂದ 1945ರ ತನಕ ಎರಡೂ ಕಂಪನಿ ಕೂಡಿ ಆರು ಲಕ್ಷದ ಮ್ಯಾಲೆ ಮಾಡ್ಯಾರ, ಎಲ್ಲಾ ಲೆಫ್ಟ್ ಹ್ಯಾಂಡ್ ಡ್ರೈವ್. ಒತ್ತಿದ ತಗಡಿನ ಗ್ರಿಲ್‌ನಾಗ ಒಂಬತ್ತು ಸೀಳು. ಯುದ್ಧ ಮುಗದ ಮ್ಯಾಲೆ ಬಂದ ಸಿವಿಲಿಯನ್ ಜೀಪಿಗೆ, ಸಿಜೆ ಅಂತಾರಲ್ಲ, ಅದಕ್ಕ ಏಳು ಸೀಳು. 1953ರಾಗ ಸಿಜೆ3ಬಿ ಬಂದಾಗ ಎಂಜಿನ್ ಎತ್ತರ ಆತು, ಅದಕ್ಕ ಬಾನೆಟ್ಟೂ ಎತ್ತರ ಮಾಡಿದ್ರು. ನಮ್ಮ ಕಡೆ ಮಹೀಂದ್ರಾ ಜೀಪ್ ಅಂತ ನೋಡಿ ಬೆಳದಿದ್ದು ಇದ ಹೈ ಬಾನೆಟ್. ಹಂಗಾಗಿ ಲೋ ಬಾನೆಟ್, ಒಂಬತ್ತು ಸೀಳು, ಎಡಕ್ಕ ಸ್ಟೀರಿಂಗ್ ಅಂದ್ರ ಯಾರರ ಯುದ್ಧದ ಗಾಡಿ ಅಂತನ ಅನ್ನೂದು. ಇವರಿಗೆ ಅದು ಗೊತ್ತ ಐತಿ. ಗೊತ್ತಿದ್ದದ್ದಕ್ಕನ ಫೋಟೋನ ಹಂಗ ತಯಾರ ಮಾಡ್ಯಾರ.

ನಾ 40,000 ಟೋಕನ್ ಹಾಕಿದೆ. ಆಫೀಸಿನಾಗ, ಓಣ್ಯಾಗ ಎಲ್ಲಾರಿಗೂ ತೋರ್ಸಿದೆ, ಈಗ ಒಬ್ಬೊಬ್ಬರು "ಏನಪಾ ಮಿಲಿಟ್ರಿ ಸಾಹೇಬ್ರ, ಗಾಡಿ ಬಂತೇನು" ಅಂತ ಕೇಳಾಕತ್ತಾರ, ಆ ಸಂಕಟ ಬ್ಯಾಡ.

ಗೊತ್ತಾಗಿದ್ದು ಹೆಂಗ ಅಂದ್ರ, ದುರ್ಗದ ಬೈಲ್ ಹತ್ರ ನನ್ನ ದೋಸ್ತ ಒಬ್ಬ ಸ್ಕ್ರೀನ್ ಪ್ರಿಂಟಿಂಗ್, ಫ್ಲೆಕ್ಸ್ ಅಂಗಡಿ ಇಟ್ಟಾನ. ಜೀಪಿನ ಫೋಟೋ ದೊಡ್ಡದು ಮಾಡಿಸಿ ಫ್ರೇಮ್ ಹಾಕ್ಸೂಣು ಅಂತ ಅಂವನ ಕಡೆ ಹೋದೆ. ಕಂಪ್ಯೂಟರಿನಾಗ ದೊಡ್ಡದ ಮಾಡಿದ, ನೋಡಿದ, ಚಹಾ ಕುಡಕೋತ ಹಂಗ ಸುಮ್ನ ಕುಂತ. "ಲೇ, ಇದನ್ನ ಉಲ್ಟಾ ಪ್ರಿಂಟ್ ಮಾಡ್ಲೋ ಸೀದಾ ಮಾಡ್ಲೋ?" ಅಂದ. ನನಗ ತಿಳೀಲಿಲ್ಲ. ಜೀಪಿನ ಹಿಂದ ಒಂದು ಗ್ವಾಡಿ ಐತಿ, ಅದರ ಮ್ಯಾಲೆ ಸಿಮೆಂಟಿನ ಅಡ್ವಟೈಸ್ ಬರದಾರ, ಬಣ್ಣ ಮಾಸೈತಿ, ಮೊಬೈಲಿನಾಗ ಬರೇ ನೀಲಿ ಕಲೆ ಕಂಡಂಗ ಕಾಣ್ತದ. ಅಂವ ಅಲ್ಲಿ ಬೆರಳು ಇಟ್ಟ. "ಸಿ ಅಕ್ಷರದ ಗುಡಿಸು ಎಡಕ್ಕ ತಿರಗೈತಿ ನೋಡು. ಫೋಟೋ ಮಿರರ್ ಮಾಡ್ಯಾರಲ್ಲೋ." ದಿನಾ ಉಲ್ಟಾ ಅಕ್ಷರ ನೋಡೂ ಮನಶ್ಯಾ ಅಂವ. ಒಂದು ಬಟನ್ ಒತ್ತಿ ತಿರಗಿಸಿದ, ಗ್ವಾಡಿ ಮ್ಯಾಲಿನ ಅಕ್ಷರ ಸೀದಾ ಆದ್ವು, ಸ್ಟೀರಿಂಗ್ ಬಲಕ್ಕ ಹೋತು.

ಸ್ಟೀರಿಂಗ್ ಬಲಕ್ಕ ಹೋತು! ನಾ ಆ ಸ್ಕ್ರೀನ್ ನೋಡ್ಕೋತ ನಿಂತೆ, ಅಂವ ಮತ್ತೊಮ್ಮೆ ಒತ್ತಿದ, ಎಡಕ್ಕ ಬಂತು, ಮತ್ತ ಒತ್ತಿದ, ಬಲಕ್ಕ. ನಗಾಕತ್ತ ಮಗ. ಅವಾಗ ಇನ್ನೊಂದು ತಲ್ಯಾಗ ಹೊಳೀತು. ಮಿಲಿಟ್ರಿ ಜೀಪಿನ ಬಾನೆಟ್ಟಿಗೆ ಎರಡೂ ಬಾಜೂಕ ಬಿಳೇ ಬಣ್ಣದಾಗ ನಂಬರ್ ಇರ್ತಿತ್ತು, ಹಳೇ ಯುದ್ಧದ ಫೋಟೋದಾಗ ಎಲ್ಲಾ ಕಡೆ ಕಾಣ್ತದ. ಇಷ್ಟ ಖರ್ಚ ಮಾಡಿ ಬಣ್ಣ ಹೊಡದೋರು ಇದಕ್ಕ ಬರೇ ಚುಕ್ಕಿ ಯಾಕ ಬರದ್ರು, ನಂಬರ್ ಯಾಕ ಬರೀಲಿಲ್ಲ? ಚುಕ್ಕಿ ಉಲ್ಟಾ ಮಾಡಿದ್ರೂ ಚುಕ್ಕೀನ. ನಂಬರ್ ಪ್ಲೇಟ್‌ನೂ ಬೆರಳಿನಿಂದ ಒರಸಿದಂಗ ಮಸುಕ ಮಾಡ್ಯಾರ, ಅದು "ಪ್ರೈವಸಿ" ಅಂತಿದ್ದ ಏಜೆಂಟ್.

ಅಲ್ಲೇ ನಿಂತು ಏಜೆಂಟ್‌ಗೆ ಫೋನ್ ಹಚ್ಚಿದೆ. ಅಂವ ಹೇಳಿದ್ದು ಕೇಳ್ರಿ, "ಅದು ಫ್ರಂಟ್ ಕ್ಯಾಮೆರಾದಾಗ ತಗದಿದ್ದು ಸಾವಕಾರ್ರ, ಅದರಾಗ ಉಲ್ಟಾ ಬರ್ತದ." ಜೀಪಿನ ಜೋಡಿ ಸೆಲ್ಫಿ ತಗೊಂಡಿದ್ದಿರೇನು ಅಂದೆ. ಸುಮ್ನಾದ. ಹಂಗಾರ ಸ್ಟೀರಿಂಗ್ ಯಾವ ಕಡೆ ಐತಿ ಹೇಳ್ರಿ ಅಂದ್ರ, "ಬಂದು ನೋಡ್ರಲ್ಲ, ಗಾಡಿ ಗದಗಿನಾಗ ಐತಿ, ಓಡಿ ಹೋಗ್ತದೇನು?"

ಗದಗ ಅಂದ ಕೂಡಲೇ ಪಿಡಿಎಫ್ ತಗದು ನೋಡಿದೆ. ಅದರಾಗ ಎರಡನೇ ಸಾಲಿನಾಗ "ವಾಹನ ಇರುವ ಸ್ಥಳ: ಗದಗ" ಅಂತ ಐತಿ. ನಾ ಎಕ್ಸ್‌ಪರ್ಟ್‌ಗೆ ಊರು ಹೇಳಿಲ್ಲ. ನನಗ ಊರು ಗೊತ್ತ ಇರಲಿಲ್ಲ, ಏಜೆಂಟ್ ಟೋಕನ್ ಬಿದ್ದ ಮ್ಯಾಲೆ ಜಾಗಾ ಹೇಳ್ತೀನಿ ಅಂದಿದ್ದ. "ನನಗೂ ಅವರಿಗೂ ಸಂಬಂಧ ಇಲ್ಲ" ಅಂದಿದ್ದ ನೋಡ್ರಿ, ಸಂಬಂಧ ಇಲ್ಲದಾಂವಗ ಊರು ಹೆಂಗ ಗೊತ್ತಾತು? ಇದನ್ನ ಕೇಳಿದ್ರ ಎಕ್ಸ್‌ಪರ್ಟ್ ಸಾಹೇಬ್ರು ವಾಯ್ಸ್ ಮೆಸೇಜ್ ಹಾಕಿದ್ರು, ಭಾರೀ ಸಮಾಧಾನದಿಂದ, "ಸರ್, ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ ನೋಡಿ, ಇದು ಅಭಿಪ್ರಾಯ ಮಾತ್ರ, ಫೋಟೋದಲ್ಲಿ ಕಂಡಿದ್ದನ್ನು ನಾವು ಹೇಳುತ್ತೇವೆ, ಫೋಟೋ ಸರಿ ಇದೆಯೋ ಇಲ್ಲವೋ ನೋಡುವುದು ಗ್ರಾಹಕರ ಜವಾಬ್ದಾರಿ." ಫೋಟೋ ನೋಡಾಕನ ರೊಕ್ಕ ತಗೊಂಡಾಂವ, ಫೋಟೋ ಸರಿ ಐತೋ ಇಲ್ಲೋ ನೋಡೂದು ನನ್ನ ಕೆಲಸ ಅಂತ! ಈ ವಾಯ್ಸ್ ಮೆಸೇಜ್ ಇನ್ನೂ ಇಟ್ಟೀನಿ, ಸಿಟ್ಟು ಕಡಿಮಿ ಆದಾಗೆಲ್ಲ ಕೇಳ್ತೀನಿ.

ದೋಸ್ತನ ಕರಕೊಂಡು ಗದಗಕ್ಕ ಹೋದೆ. ಶೆಡ್ಡಿನಾಗ ನಿಂತೈತಿ ಗಾಡಿ, ಸ್ಟೀರಿಂಗ್ ಬಲಕ್ಕ. ಏಜೆಂಟ್ ಮಾರಿ ಮ್ಯಾಲೆ ಒಂದು ಗೆರೀನೂ ಹಂದಾಡಲಿಲ್ಲ. "ನಮ್ಮ ರೋಡಿಗೆ ಅನುಕೂಲ ಆಗಲಿ ಅಂತ ಬಲಕ್ಕ ಮಾಡ್ಸೀವಿ." ಮತ್ತ ಫೋಟೋದಾಗ ಎಡಕ್ಕ? "ಅದು ಮೊದಲಿನ ಫೋಟೋ." ಮೊದಲಿನ ಫೋಟೋದಾಗ ಅಕ್ಷರ ಯಾಕ ಉಲ್ಟಾ? "ಫ್ರಂಟ್ ಕ್ಯಾಮೆರಾ." ಹಿಂಗ ಗಾಣದ ಎತ್ತು ತಿರಗಿದಂಗ ಅದ ಮೂರು ಮಾತು.

ನೋಡಾಕತ್ತೀನಿ, ಗ್ರಿಲ್‌ನಾಗ ಒಂಬತ್ತು ಸೀಳು ಅದಾವ ಖರೇ, ಆದ್ರ ಅಂಚಿಗೆ ಹೊಸಾ ವೆಲ್ಡಿಂಗ್ ಗುರುತು, ಮ್ಯಾಲೆ ಬಣ್ಣ. ಯುದ್ಧದ ಜೀಪಿನ ಹೆಡ್‌ಲೈಟ್ ಸಣ್ಣವು, ಗ್ರಿಲ್ ಒಳಗ ಹಿಂದಕ್ಕ ಕುಂತಿರ್ತಾವ, ಇದರವು ದೊಡ್ಡವು, ಮುಂದಕ್ಕ ಸಮ ಬಂದಾವ. ಎದುರಿನ ಗ್ಲಾಸ್ ಎರಡು ತುಂಡು ಇರಬೇಕು, ಒಂದ ಐತಿ. ಹಿಂದಿನ ಬಾಗಲಾ ಯುದ್ಧದ ಗಾಡಿಗೆ ಇರಂಗಿಲ್ಲ, ಹಿಂದ ಪೂರ್ತಿ ಬಂದ್ ತಗಡು, ಅದರ ಮ್ಯಾಲೆ ಸ್ಟೆಪ್ನಿ. ಇದರಾಗ ಬಾಗಲಾ ಇದ್ದದ್ದನ್ನ ಬೆಸಿಗಿ ಹಾಕಿ ಮುಚ್ಚಿ ಲಪ್ಪ ತುಂಬ್ಯಾರ. ಸಂದಿನಾಗ ಉಗುರು ಹಾಕಿದೆ, ಬೂದಿ ಬಣ್ಣದ ಲಪ್ಪದ ಚಕ್ಕಿ ಎದ್ದು ಬಂತು, ಒಳಗ ಹಳೇ ಬಾಗಲಾದ ಕೀಲು ಕಾಣ್ತು. ಏಜೆಂಟ್ "ಅದನ್ನ ಕೆದರಬ್ಯಾಡ್ರಿ, ಪೇಂಟ್ ಹೋಗ್ತದ" ಅಂದ! ಪೆಟ್ರೋಲ್ ಟ್ಯಾಂಕಿನ ಬಾಯಿ ಒರಿಜಿನಲ್‌ನಾಗ ಡ್ರೈವರ್ ಸೀಟಿನ ಕೆಳಗ ಇರ್ತೈತಿ, ಕುಶನ್ ಎತ್ತಬೇಕು. ಇದರದು ಬಾಡಿ ಹೊರಗ. ಪೆಟ್ರೋಲ್ ಯಾಕಂದೆ, ಡೀಸೆಲ್ ಎಂಜಿನ್ ಅದು, ಚಾಲೂ ಮಾಡಿದ್ರ ಶೆಡ್ಡಿನ ತಗಡೆಲ್ಲ ನಡಗಿದ್ವು. ಯುದ್ಧದ ಜೀಪು 2.2 ಲೀಟರ್ ಪೆಟ್ರೋಲ್, 60 ಹಾರ್ಸ್ ಪವರ್. "ಮೈಲೇಜ್ ಸಲುವಾಗಿ ಡೀಸೆಲ್ ಕುಂದರ್ಸೀವಿ ಸಾವಕಾರ್ರ, ಹಳೇ ಗಾಡಿ ಅಂದ್ಮ್ಯಾಲೆ ಯಾವುದು ಒರಿಜಿನಲ್ ಇರ್ತೈತಿ?"

ಆರ್‌ಸಿ ತೋರಸ್ರಿ ಅಂತ ಗಂಟ್ ಬಿದ್ದ ಮ್ಯಾಲೆ ಝೆರಾಕ್ಸ್ ಕೊಟ್ಟ. ಮಹೀಂದ್ರಾ, ಡೀಸೆಲ್, 1987. ಸಾವಿರದ ಒಂಬೈನೂರಾ ಎಂಬತ್ತೇಳು! ಅದಕ್ಕೂ ಉತ್ತರ ತಯಾರ, "ಆರ್‌ಟಿಒದಾಗ ತಪ್ಪ ಎಂಟ್ರಿ ಆಗೈತಿ, ವಿಂಟೇಜ್ ನಂಬರ್ ಮಾಡ್ಸುವಾಗ ಸರಿ ಮಾಡ್ಸಿ ಕೊಡ್ತೀವಿ."

ಈ ವಿಂಟೇಜ್ ನಂಬರ್ ಆಸೆ ತೋರಸೇನ ಇವರು ರೇಟ್ ಏರಸೂದು, ಅದಕ್ಕ ಇದನ್ನ ತಿಳಕೊಂಡಿರ್ರಿ. 2021ರ ಕೇಂದ್ರ ಮೋಟಾರು ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಒರಿಜಿನಲ್ ರೂಪದಾಗ ಇರಬೇಕು. ಹೊಸಾ ರಿಜಿಸ್ಟ್ರೇಷನ್ ಫೀ 20,000, ಹತ್ತು ವರ್ಷ ನಡೀತದ, ನಂಬರಿನಾಗ ವಿಎ ಅಂತ ಬರ್ತದ. ಅದನ್ನ ದಿನಾ ಓಡ್ಸೂ ಹಂಗೂ ಇಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಎಣ್ಣಿ ಹಾಕ್ಸಾಕ ಅಷ್ಟ. ಏಜೆಂಟ್ ಮಾತ್ರ "ದಿನಾ ಆಫೀಸಿಗೆ ಒಯ್ರಿ" ಅಂತಿದ್ದ. 1987ರ ಡೀಸೆಲ್ ಗಾಡಿಗೆ ಮ್ಯಾಲೆ ಹೊಸಾ ಬಾಡಿ ಕುಂದರ್ಸಿದ್ರ ಯಾವ ವಿಎ ನಂಬರು, ಯಾವ ಮಹಾಯುದ್ಧ?

ಬಾಡಿ ಹೊಸಾದು ಸಿಗ್ತದ, ಅದೇನ ಗುಟ್ಟಲ್ಲ. ಹರಿಯಾಣದ ಮಂಡಿ ಡಬ್ಬವಾಲಿ ಕಡೆ ಓಪನ್ ಜೀಪ್ ಕಟ್ಟೂದು ದೊಡ್ಡ ಧಂದೆ, ಹಿಂಗ ಕಟ್ಟಿದ ಗಾಡಿ ಅಂತ ಹೇಳಿ ಮಾರಿದ್ರ ಯಾರದೂ ತಕರಾರಿಲ್ಲ, ನಾನೂ ತಗೋತಿದ್ನೇನೋ. 1942 ಅಂತ ಯಾಕ ಅಂತೀರಿ?

ಟೋಕನ್ ವಾಪಸ್ ಕೇಳಿದ್ರ ಈಗ ಹೊಸಾ ಮಾತು, "ನಿಮ್ಮ ಸಲುವಾಗಿ ಬೆಂಗಳೂರು ಪಾರ್ಟಿ ಬಿಟ್ಟೀವಿ, ಗಾಡಿ ಹೋದ ಮ್ಯಾಲೆ ನೋಡೂಣು." ನೋಡೂಣು ಅಂದ್ರ ಕೊಡಂಗಿಲ್ಲ ಅಂತನ. ಎಕ್ಸ್‌ಪರ್ಟ್ ನನ್ನ ನಂಬರ್ ಬ್ಲಾಕ್ ಮಾಡ್ಯಾನ. ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ಕೊಟ್ಟೀನಿ, ಸ್ಕ್ರೀನ್‌ಶಾಟ್ ಎಲ್ಲಾ ಕೊಟ್ಟೀನಿ.

ನೀವು ಇಷ್ಟ ಮಾಡ್ರಿ. ಯಾರರ ಫೋಟೋ ನೋಡಿ ವರ್ಷ ಹೇಳ್ತೀನಿ ಅಂತ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಫೋಟೋ ಆಕಾರ ತೋರಸ್ತದ ಅಷ್ಟ, ವರ್ಷ ಇರೂದು ಚಾಸಿ ನಂಬರಿನಾಗ. ವಿಲ್ಲೀಸ್ ಎಂಬಿ ನಂಬರ್ ಎಂಬಿ 100001ರಿಂದ ಶುರು, ಎಡಗಡೆ ಚಾಸಿ ಪಟ್ಟಿ ಒಳಬಾಜೂಕ ಪ್ಲೇಟ್ ಹೊಡದಿರ್ತಾರ, ಫೋರ್ಡಿನಾಗ ಚಾಸಿ ಮ್ಯಾಲೇನ ಕೊರದಿರ್ತಾರ. ಡ್ಯಾಶ್‌ಬೋರ್ಡಿನ ಪ್ಲೇಟ್ ನಂಬಬ್ಯಾಡ್ರಿ, ಅವು ನಕಲಿ ಆನ್‌ಲೈನಿನಾಗ ಸಿಗ್ತಾವ. ಮತ್ತ ಫೋಟೋ ಬಂದ್ರ ಗಾಡಿ ನೋಡೂಕಿಂತ ಮೊದಲ ಹಿಂದಿನ ಗ್ವಾಡಿ, ಬೋರ್ಡು, ಬಾಜೂಕ ನಿಂತ ಮಂದೀನ ನೋಡ್ರಿ, ಅಂಗಿ ಕಿಸೆ ಯಾವ ಕಡೆ ಐತಿ ಅಂತ ನೋಡ್ರಿ.

ಇದನ್ನ ಬರ್ಯಾಕ ಇವತ್ತ ಯಾಕ ಕುಂತೆ ಅಂದ್ರ, ನಿನ್ನೆ ಹಾವೇರಿ ಕಡೆ ಒಬ್ರು ಅದ ಜೀಪಿನ ಫೋಟೋ ಕಳಿಸಿ "ಹೆಂಗೈತಿ ಅಣ್ಣಾರ" ಅಂತ ಕೇಳಿದ್ರು. ಈಗ ಅದು "1944 ಫೋರ್ಡ್" ಆಗೈತಿ, ರೇಟ್ ಇನ್ನೂ ಮ್ಯಾಲೆ. ಹಿಂದಿನ ಗ್ವಾಡಿ ಕತ್ತರಿಸಿ ತಗದಾರ. ಗುರುತು ಹಿಡಿಯೂದು ಹೆಂಗ ಅಂದ್ರ, ಮುಂದಿನ ಬಂಪರಿಗೆ ಹಳದಿ ಹಗ್ಗ ಸುತ್ತ್ಯಾರ, ಚುಕ್ಕಿಯ ಒಂದು ಮೂಲಿ ಬಣ್ಣ ಕೆಳಗ ಸೋರೈತಿ. ಸೋರಿದ್ದು ಫೋಟೋದಾಗ ಡ್ರೈವರ್ ಕಡೆ ಕಾಣ್ತದ, ಹಗ್ಗದ ಗಂಟೂ ಅದ ಬಾಜೂಕ ಐತಿ. ಯಾರಿಗರ ಈ ಫೋಟೋ ಬಂದ್ರ ಟೋಕನ್ ಹಾಕೂಕಿಂತ ಮೊದಲ ನನಗೊಂದು ಮೆಸೇಜ್ ಹಾಕ್ರಿ, ಆರ್‌ಸಿ ಝೆರಾಕ್ಸಿನ ಫೋಟೋ ನನ್ನ ಹತ್ರ ಐತಿ, ಕಳಸ್ತೀನಿ.