ನಗರಗಳ ದೇಶಭಕ್ತಿಗೆ ಅಂಕ ಕೊಡುವ ಶ್ರೇಯಾಂಕ ಪಟ್ಟಿ: ಒಂದು ವಿಮರ್ಶೆ

ರಾಷ್ಟ್ರೀಯ ದಿನಾಚರಣೆ ಹತ್ತಿರವಾದಾಗ ಒಂದು ದೇಶದ ನಗರಗಳನ್ನು ದೇಶಭಕ್ತಿಯ ಲೆಕ್ಕದಲ್ಲಿ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನಿಲ್ಲಿಸುವ ಶ್ರೇಯಾಂಕ ಪಟ್ಟಿಗಳು ಪ್ರಕಟವಾಗುವುದುಂಟು. ಅಂಥ ಒಂದು ಪಟ್ಟಿಯನ್ನು ಅದರ ವಿಧಾನದ ಟಿಪ್ಪಣಿಯ ಸಮೇತ ಓದಿ, ಅದರ ಲೆಕ್ಕದ ದಾರಿಯನ್ನು ಹಂತಹಂತವಾಗಿ ಹಿಂಬಾಲಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ನಾನು ಎತ್ತುವ ಆಕ್ಷೇಪಗಳು ಈ ಜಾತಿಯ ಬಹುತೇಕ ಪಟ್ಟಿಗಳಿಗೆ ಸಲ್ಲುತ್ತವೆ. ಐದು ನಕ್ಷತ್ರಗಳಲ್ಲಿ ಎರಡನ್ನು ಕೊಡುತ್ತೇನೆ. ಆ ಎರಡೂ ಲೆಕ್ಕವನ್ನು ಮುಚ್ಚಿಡದೆ ತೋರಿಸಿದ ಪ್ರಾಮಾಣಿಕತೆಗೆ.

ಸೇನೆಗೆ ಸೇರಿದವರ ಸಂಖ್ಯೆ, ನಿವೃತ್ತ ಸೈನಿಕರ ಸಂಖ್ಯೆ, ಮತದಾನದ ಪ್ರಮಾಣ, ಸ್ವಯಂಸೇವೆಗೆ ಕೊಟ್ಟ ಗಂಟೆಗಳು, ರಾಷ್ಟ್ರೀಯ ಆಚರಣೆಗಳ ಸಂಖ್ಯೆ, ಇವು ಪಟ್ಟಿಯ ಮುಖ್ಯ ಸೂಚಕಗಳು. ಪ್ರತಿಯೊಂದನ್ನೂ ಜನಸಂಖ್ಯೆಯಿಂದ ಭಾಗಿಸಿ, ನೂರರ ಅಳತೆಗೆ ತಂದು, ಗೊತ್ತುಪಡಿಸಿದ ತೂಕವನ್ನು ಕೊಟ್ಟು ಕೂಡಿಸಿದ್ದಾರೆ. ಜನಸಂಖ್ಯೆಯಿಂದ ಭಾಗಿಸಿದ್ದು ಸರಿಯಾದ ಕೆಲಸ, ಇಲ್ಲವಾದರೆ ದೊಡ್ಡ ನಗರ ದೊಡ್ಡದಾದ ಕಾರಣಕ್ಕೇ ಗೆಲ್ಲುತ್ತಿತ್ತು. ಆದರೆ ಯಾವ ಜನಸಂಖ್ಯೆ ಎಂಬ ಪ್ರಶ್ನೆಯನ್ನು ಪಟ್ಟಿ ಕೇಳಿಕೊಂಡಿಲ್ಲ. ನಗರದಲ್ಲಿ ಮಕ್ಕಳಿರುತ್ತಾರೆ, ಬೇರೆ ದೇಶದ ಪೌರರಿರುತ್ತಾರೆ, ಓದಲು ಬಂದು ತಮ್ಮೂರಿನ ಮತದಾರರ ಪಟ್ಟಿಯಲ್ಲೇ ಹೆಸರನ್ನು ಉಳಿಸಿಕೊಂಡ ವಿದ್ಯಾರ್ಥಿಗಳಿರುತ್ತಾರೆ. ಮತ ಹಾಕುವ ಹಕ್ಕೇ ಇಲ್ಲದವರನ್ನು ಮತ ಹಾಕದವರ ಲೆಕ್ಕಕ್ಕೆ ಸೇರಿಸಿದರೆ, ಹೊರಗಿನವರಿಗೆ ಬಾಗಿಲು ತೆರೆದ ನಗರಕ್ಕೆ ಆ ಔದಾರ್ಯವೇ ದಂಡವಾಗುತ್ತದೆ.

ಮತದಾನದ ಪ್ರಮಾಣವನ್ನೇ ಇನ್ನಷ್ಟು ನೋಡೋಣ, ಏಕೆಂದರೆ ಎಲ್ಲ ಸೂಚಕಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹವೆಂದು ಮೊದಲ ನೋಟಕ್ಕೆ ಅನ್ನಿಸುವುದು ಅದೇ. ಆಸ್ಟ್ರೇಲಿಯಾದಲ್ಲಿ 1922ರ ಸಂಸತ್ ಚುನಾವಣೆಯಲ್ಲಿ ಮತ ಹಾಕಿದವರು ನೋಂದಾಯಿತ ಮತದಾರರ 60 ಪ್ರತಿಶತಕ್ಕಿಂತ ಕಡಿಮೆ. 1924ರಲ್ಲಿ ಮತದಾನವನ್ನು ಕಡ್ಡಾಯಗೊಳಿಸಿದರು. 1925ರ ಚುನಾವಣೆಯಲ್ಲಿ ಪ್ರಮಾಣ 91 ಪ್ರತಿಶತವನ್ನು ದಾಟಿತು. ಮೂರು ವರ್ಷಗಳಲ್ಲಿ ಆ ದೇಶದ ಜನರ ದೇಶಪ್ರೇಮ ಅರ್ಧದಷ್ಟು ಹೆಚ್ಚಿತೆಂದು ಯಾರೂ ಹೇಳಲಾರರು. ಬದಲಾದದ್ದು ಕಾನೂನು. ಒಂದೇ ಕಾನೂನಿನ ಅಡಿಯಲ್ಲಿರುವ ಎರಡು ನಗರಗಳ ನಡುವೆಯೂ ಇಂಥ ವ್ಯತ್ಯಾಸಗಳಿರುತ್ತವೆ: ಮತಗಟ್ಟೆ ಎಷ್ಟು ದೂರ, ಸಾಲು ಎಷ್ಟು ಉದ್ದ, ದಿನಗೂಲಿಯವರಿಗೆ ರಜೆ ಸಿಗುತ್ತದೆಯೇ, ಸ್ಪರ್ಧೆ ಬಿಗಿಯಾಗಿದೆಯೇ ಅಥವಾ ಫಲಿತಾಂಶ ಮೊದಲೇ ಗೊತ್ತಿರುವಂಥದ್ದೇ.

ಸೇನೆಯ ಅಂಕಿಗಳಿಗೂ ಇದೇ ಪಾಡು. ಸಿಂಗಾಪುರದಲ್ಲಿ 1967ರಿಂದ ಯುವಕರಿಗೆ ಸೇನಾ ಸೇವೆ ಕಡ್ಡಾಯ, ಹಾಗಾಗಿ ಅಲ್ಲಿ ಸಮವಸ್ತ್ರ ತೊಟ್ಟವರ ಸಂಖ್ಯೆಯಿಂದ ಅವರ ಇಚ್ಛೆಯನ್ನು ತಿಳಿಯಲಾಗದು. ಸೇವೆ ಐಚ್ಛಿಕವಾಗಿರುವ ಕಡೆಯಲ್ಲಿ ಸ್ಥಿರವಾದ ಸಂಬಳ, ಓದಿನ ವೆಚ್ಚ, ಕುಟುಂಬದ ಪರಂಪರೆ, ಊರಿನ ಪಕ್ಕದ ಸೇನಾ ನೆಲೆ ಎಲ್ಲವೂ ನಿರ್ಧಾರದಲ್ಲಿ ಬೆರೆತಿರುತ್ತವೆ. ಹೀಗೆಂದ ಮಾತ್ರಕ್ಕೆ ಸೈನಿಕರ ಸೇವೆಯ ಬೆಲೆ ಕುಂದುವುದಿಲ್ಲ. ಅವರ ತ್ಯಾಗ ಅವರದು. ಅದನ್ನು ನಗರದ ಗುಣವೆಂದು ಜಮಾ ಮಾಡಿಕೊಳ್ಳುವ ಲೆಕ್ಕವನ್ನು ಮಾತ್ರ ನಾನು ಒಪ್ಪಲಾರೆ. ನಿವೃತ್ತರಂತೂ ಮನೆ ಅಗ್ಗವಾಗಿ ಸಿಗುವ, ಚಿಕಿತ್ಸೆಯ ಸೌಲಭ್ಯವಿರುವ ಕಡೆಗೆ ಹೋಗಿ ನೆಲೆಸುತ್ತಾರೆ, ಅವರೊಂದಿಗೆ ಅಂಕವೂ ಆ ಊರಿಗೆ ಹೋಗುತ್ತದೆ.

ಸ್ವಯಂಸೇವೆಯ ವಿಷಯದಲ್ಲಿ ನನಗಾದ ನೋವನ್ನು ಮರೆಮಾಚುವುದಿಲ್ಲ. ಈ ಪಟ್ಟಿ ಎಣಿಸುವುದು ಸಂಸ್ಥೆಗಳ ಮೂಲಕ ನಡೆದು ದಾಖಲಾದ ಗಂಟೆಗಳನ್ನು ಮಾತ್ರ. ನೆರೆಮನೆಯ ವೃದ್ಧರನ್ನು ವರ್ಷಗಟ್ಟಲೆ ಆಸ್ಪತ್ರೆಗೆ ಕರೆದೊಯ್ಯುವವರು, ಕೆಲಸ ಮುಗಿಸಿ ಬಂದು ಕೇರಿಯ ಮಕ್ಕಳಿಗೆ ಪಾಠ ಹೇಳುವವರು ಯಾವ ದಾಖಲೆಯಲ್ಲೂ ಇಲ್ಲದ ಕಾರಣ ಅವರ ನಗರಕ್ಕೆ ಸೊನ್ನೆ ಬೀಳುತ್ತದೆ. ಬಡ ಬಡಾವಣೆಗಳಲ್ಲಿ ಪರಸ್ಪರ ನೆರವು ಹೆಚ್ಚಾಗಿ ಹೀಗೆ ರಸೀದಿಯಿಲ್ಲದೆಯೇ ನಡೆಯುತ್ತದೆ.

ಇನ್ನು ಅಂಕ ಕಟ್ಟುವ ಕ್ರಮ. ಅತಿ ಕಡಿಮೆ ಇರುವ ನಗರಕ್ಕೆ ಸೊನ್ನೆ, ಅತಿ ಹೆಚ್ಚು ಇರುವ ನಗರಕ್ಕೆ ನೂರು ಎಂದು ಹಿಗ್ಗಿಸುವ ವಿಧಾನವನ್ನು ಇಲ್ಲಿ ಬಳಸಿದ್ದಾರೆ. ಎಲ್ಲ ನಗರಗಳ ಮತದಾನ 58ರಿಂದ 62 ಪ್ರತಿಶತದ ನಡುವೆ ಇದೆಯೆಂದು ಇಟ್ಟುಕೊಳ್ಳಿ. ಈ ಕ್ರಮದಲ್ಲಿ 58ಕ್ಕೆ ಸೊನ್ನೆ, 62ಕ್ಕೆ ನೂರು ಬರುತ್ತದೆ, ನಾಲ್ಕು ಪ್ರತಿಶತ ಅಂಶಗಳ ಅಂತರ ಆಕಾಶ ಭೂಮಿಯ ಅಂತರವಾಗಿ ಕಾಣುತ್ತದೆ. ತೂಕದ ಪ್ರಶ್ನೆ ಇನ್ನೂ ಗಂಭೀರವಾದದ್ದು. ಒಂದು ನಗರಕ್ಕೆ ಮತದಾನದಲ್ಲಿ 70, ಸೇನಾ ಸೇವೆಯಲ್ಲಿ 40 ಅಂಕ ಬಂದಿದೆ, ಇನ್ನೊಂದಕ್ಕೆ ಕ್ರಮವಾಗಿ 50 ಮತ್ತು 65 ಬಂದಿದೆ ಎನ್ನೋಣ. ಎರಡಕ್ಕೂ ಸಮಾನ ತೂಕ ಕೊಟ್ಟರೆ ಮೊದಲನೆಯದು 55, ಎರಡನೆಯದು 57.5. ಮತದಾನಕ್ಕೆ 60, ಸೇನೆಗೆ 40 ಪ್ರತಿಶತ ತೂಕ ಕೊಟ್ಟರೆ 58 ಮತ್ತು 56 ಆಗಿ ಸ್ಥಾನ ಅದಲುಬದಲಾಗುತ್ತದೆ. ಇದರಲ್ಲಿ ಯಾವ ನಾಗರಿಕನೂ ಏನನ್ನೂ ಬೇರೆಯಾಗಿ ಮಾಡಿಲ್ಲ. ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮತ್ತು ಯುರೋಪಿಯನ್ ಆಯೋಗದ ಜಂಟಿ ಸಂಶೋಧನಾ ಕೇಂದ್ರ ಸೇರಿ 2008ರಲ್ಲಿ ಹೊರತಂದ, ಸಂಯುಕ್ತ ಸೂಚ್ಯಂಕಗಳನ್ನು, ಅಂದರೆ ಹಲವು ಸೂಚಕಗಳನ್ನು ಕೂಡಿಸಿದ ಒಂದೇ ಅಂಕವನ್ನು, ಕಟ್ಟುವ ಬಗೆಗಿನ ಕೈಪಿಡಿಯು, ತೂಕ ಬದಲಾದರೆ ಸ್ಥಾನಗಳು ಎಷ್ಟು ಅಲುಗುತ್ತವೆ ಎಂಬುದನ್ನು ಪರೀಕ್ಷಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ಪಟ್ಟಿಯಲ್ಲಿ ಆ ಪರೀಕ್ಷೆಯ ಸುಳಿವಿಲ್ಲ.

ಹಾಗಾದರೆ ಜನರನ್ನೇ ಕೇಳಿದರೆ ಆದೀತೇ? 1981ರಲ್ಲಿ ಆರಂಭವಾದ ವಿಶ್ವ ಮೌಲ್ಯ ಸಮೀಕ್ಷೆಯು ನಿಮ್ಮ ರಾಷ್ಟ್ರೀಯತೆಯ ಬಗ್ಗೆ ಎಷ್ಟು ಹೆಮ್ಮೆ, ಯುದ್ಧ ಬಂದರೆ ದೇಶಕ್ಕಾಗಿ ಹೋರಾಡುವಿರಾ ಎಂದು ಕೇಳುತ್ತ ಬಂದಿದೆ. ಎರಡನೆಯ ಪ್ರಶ್ನೆಗೆ ಹೌದು ಎನ್ನುವವರ ಪ್ರಮಾಣ ಜಪಾನಿನಲ್ಲಿ ಮತ್ತೆ ಮತ್ತೆ ಅತಿ ಕೆಳಗಿನ ಸಾಲಿನಲ್ಲಿ ಇದ್ದುದನ್ನು ದೇಶಪ್ರೇಮದ ಕೊರತೆ ಎಂದು ಓದಿದರೆ, ಯುದ್ಧವನ್ನು ತ್ಯಜಿಸುವ ಒಂಬತ್ತನೆಯ ವಿಧಿಯಿರುವ, 1947ರಲ್ಲಿ ಜಾರಿಗೆ ಬಂದ ಸಂವಿಧಾನದ ನೆರಳಿನಲ್ಲಿ ಬೆಳೆದ ತಲೆಮಾರುಗಳನ್ನು ತಪ್ಪಾಗಿ ಓದಿದಂತೆ. ಅಂತರರಾಷ್ಟ್ರೀಯ ಸಾಮಾಜಿಕ ಸಮೀಕ್ಷಾ ಕಾರ್ಯಕ್ರಮವು 1995, 2003 ಮತ್ತು 2013ರಲ್ಲಿ ರಾಷ್ಟ್ರೀಯ ಅಸ್ಮಿತೆಯ ಬಗ್ಗೆ ನಡೆಸಿದ ಸುತ್ತುಗಳು ನನಗೆ ಹೆಚ್ಚು ಹಿಡಿಸುತ್ತವೆ, ಏಕೆಂದರೆ ಅವು ಹೆಮ್ಮೆಯನ್ನು ಬಿಡಿಸಿ ಕೇಳುತ್ತವೆ: ಪ್ರಜಾಪ್ರಭುತ್ವ ನಡೆಯುವ ರೀತಿ, ವಿಜ್ಞಾನ, ಕ್ರೀಡೆ, ಕಲೆ, ಸೇನೆ, ಇತಿಹಾಸ, ಎಲ್ಲ ಸಮುದಾಯಗಳನ್ನೂ ಸಮಾನವಾಗಿ ನಡೆಸಿಕೊಳ್ಳುವ ಬಗೆ, ಹೀಗೆ ಒಂದೊಂದಾಗಿ. ಸೇನೆಯ ಬಗ್ಗೆ ಅಪಾರ ಹೆಮ್ಮೆಯಿದ್ದೂ ಸಮಾನತೆಯ ವಿಷಯದಲ್ಲಿ ತಲೆತಗ್ಗಿಸುವ ವ್ಯಕ್ತಿಗೆ ಅಲ್ಲಿ ಜಾಗವಿದೆ. ನಾನು ವಿಮರ್ಶಿಸುತ್ತಿರುವ ಪಟ್ಟಿಯಲ್ಲಿ ಅಂಥವರಿಗೆ ಜಾಗವಿಲ್ಲ. ಶಾಟ್ಜ್, ಸ್ಟೌಬ್ ಮತ್ತು ಲವೀನ್ ಎಂಬ ಸಂಶೋಧಕರು 1999ರಲ್ಲಿ ಕುರುಡು ದೇಶಭಕ್ತಿಯನ್ನೂ, ದೇಶ ತಿದ್ದಿಕೊಳ್ಳಲಿ ಎಂದು ಪ್ರಶ್ನಿಸುವ ರಚನಾತ್ಮಕ ದೇಶಭಕ್ತಿಯನ್ನೂ ಬೇರ್ಪಡಿಸಿ ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದ್ದರು. ಅಷ್ಟು ಹಳೆಯ ಭೇದವನ್ನೂ ಈ ಪಟ್ಟಿ ಗಣನೆಗೆ ತೆಗೆದುಕೊಂಡಿಲ್ಲ.

ಎಲ್ಲ ಸೂಚಕಗಳೂ ಸರಿಯಾದವೆಂದು ಒಪ್ಪಿಕೊಂಡರೂ ನಗರದ ಸರಾಸರಿಯಿಂದ ಅಲ್ಲಿಯ ಮನುಷ್ಯನ ಬಗ್ಗೆ ತೀರ್ಮಾನಕ್ಕೆ ಬರುವಂತಿಲ್ಲ. ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ಇದನ್ನು ಅಮೆರಿಕದ 1930ರ ಜನಗಣತಿಯಿಂದಲೇ ತೋರಿಸಿದರು. ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ತುಸು ಹೆಚ್ಚು. ವಲಸಿಗರು ಸಾಕ್ಷರತೆ ಚೆನ್ನಾಗಿದ್ದ ರಾಜ್ಯಗಳಿಗೆ ಹೋಗಿ ನೆಲೆಸಿದ್ದರಿಂದ ಚಿತ್ರ ತಲೆಕೆಳಗಾಗಿತ್ತು. ಪಟ್ಟಿಯ ಕೊನೆಯಲ್ಲಿರುವ ನಗರದ ನಿವಾಸಿಯನ್ನು ಅನುಮಾನದಿಂದ ನೋಡುವವರು ಇದೇ ತಪ್ಪನ್ನು ಮಾಡುತ್ತಾರೆ, ಮತ್ತು ಇಲ್ಲಿ ಆ ತಪ್ಪಿಗೆ ಬೆಲೆ ತೆರುವವನು ಒಬ್ಬ ಜೀವಂತ ಮನುಷ್ಯ.

ಇಷ್ಟಾದರೂ ಈ ಪಟ್ಟಿಯನ್ನು ಪೂರ್ತಿ ಬದಿಗಿಡಿ ಎನ್ನಲಾರೆ. ಒಟ್ಟು ಅಂಕವನ್ನು ಬಿಟ್ಟು ಬಿಡಿ ಕೋಷ್ಟಕಗಳನ್ನು ತೆರೆದರೆ, ಒಂದೇ ನಗರದಲ್ಲಿ ಕಳೆದ ಚುನಾವಣೆಗೂ ಈ ಚುನಾವಣೆಗೂ ಮತದಾನ ಎಷ್ಟು ಏರಿತು ಎಂಬಂಥ ಉಪಯುಕ್ತ ಮಾಹಿತಿ ಸಿಗುತ್ತದೆ. ನಗರಾಡಳಿತದಲ್ಲಿರುವವರಿಗೆ, ಸಂಶೋಧನೆ ಮಾಡುವವರಿಗೆ ಆ ಕೋಷ್ಟಕಗಳು ಖಂಡಿತ ಕೆಲಸಕ್ಕೆ ಬರುತ್ತವೆ. ಮುಂದಿನ ಆವೃತ್ತಿಯಲ್ಲಿ ಅರ್ಹ ಮತದಾರರನ್ನೇ ಛೇದವಾಗಿ ಬಳಸಿ, ವಯಸ್ಸು, ಆದಾಯ, ಸೇನಾ ನೆಲೆಯ ಸಾಮೀಪ್ಯ ಇವೆಲ್ಲವನ್ನು ಗಮನಿಸಿ ಆ ನಗರದಿಂದ ನಿರೀಕ್ಷಿಸಬಹುದಾದ ಪ್ರಮಾಣಕ್ಕೆ ಹೋಲಿಸಿ, ಒಂದೊಂದು ಸ್ಥಾನದ ಬದಲು ವಿಶಾಲವಾದ ಗುಂಪುಗಳಲ್ಲಿ ನಗರಗಳನ್ನು ಇಟ್ಟರೆ ಮೂರನೆಯ ನಕ್ಷತ್ರವನ್ನು ಸಂತೋಷದಿಂದ ಕೊಡುತ್ತೇನೆ. ನಾಲ್ಕನೆಯದಕ್ಕೆ ಶೀರ್ಷಿಕೆಯನ್ನು ‘ನಾಗರಿಕ ಭಾಗವಹಿಸುವಿಕೆಯ ಅಂಕಿಅಂಶಗಳು’ ಎಂದು ಬದಲಿಸಬೇಕಾಗುತ್ತದೆ, ಏಕೆಂದರೆ ಕೋಷ್ಟಕಗಳ ಒಳಗೆ ವಾಸ್ತವವಾಗಿ ಇರುವುದು ಅದೇ.